ಅಳಿದವು, ಮಲಗಿದವು

ಲಿಂಕನ್ ಊರಿನ ಕಡಿದಾದ ಬೀದಿಯಲ್ಲಿ
ಮುಚ್ಚಿದ ಬ್ಯಾಂಕೊಂದರ ಮೇಲಿನ ಕೋಣೆ.
ಹನ್ನೊಂದು ವರ್ಷದಿಂದ ನನ್ನದು ಒಂದೇ ಕೆಲಸ:
ಬಿರುದುಗಳ ಸಾವಿನ ಲೆಕ್ಕ.
ಬ್ಯಾರೊನೆಟ್ ಅಂದರೆ ಅಪ್ಪ ಮಗನಿಗೆ
ಬಿಟ್ಟುಹೋಗುವ ಒಂದು ‘ಸರ್’,
ಗಡಿಯಾರದ ಹಾಗೆ, ಗೂರಲು ಕೆಮ್ಮಿನ ಹಾಗೆ.
ಮಗನಿಲ್ಲವೋ, ತಮ್ಮ. ತಮ್ಮನಿಲ್ಲವೋ, ತಮ್ಮನ ಮಗ.
ಯಾರೂ ಇಲ್ಲವೋ, ನಾನು.

ನಾನು ಬರೆಯುವುದು ಎರಡೇ ಮಾತು.
ಗಂಡುಕುಡಿ ಮುಗಿದದ್ದಕ್ಕೆ ಪುರಾವೆ ಇದ್ದರೆ: ಅಳಿಯಿತು.
ಎಲ್ಲೋ ಒಬ್ಬ ಇದ್ದರೂ ಇರಬಹುದು,
ಟಾಸ್ಮೇನಿಯಾದಲ್ಲಿ ಕುರಿಯ ತುಪ್ಪಟ ಕತ್ತರಿಸುತ್ತ,
ತನ್ನ ಹೆಸರಿನ ತೂಕ ತನಗೇ ತಿಳಿಯದೆ,
ಎಂಬ ಗುಮಾನಿ ಇದ್ದರೆ: ಮಲಗಿದೆ.

ಈ ಚಳಿಗೆ ಕ್ವರ್ನ್‌ಬಿಗಳ ಸರದಿ.
ಹಳೆಯ ಬಡಗು ನುಡಿಯಲ್ಲಿ ಬೀಸುಕಲ್ಲಿನ ಊರು ಎಂದರ್ಥ.
ಒಂದು ಹೆಸರು, ಮೂರು ಬಿರುದು.
ಅವರವರೊಳಗೆ ನೆಂಟಸ್ತಿಕೆ ಇತ್ತೆ?
ಸಾಲ ಕೇಳುವಾಗ ಇತ್ತು, ಕೊಡುವಾಗ ಇರಲಿಲ್ಲ.

ಸಾಲ್ಟ್‌ಹೋಮ್‌ನ ಕ್ವರ್ನ್‌ಬಿ, ೧೬೨೨.
ಮೂವತ್ತು ಸಿಪಾಯಿಗಳ ಮೂರು ವರ್ಷದ ಸಂಬಳ
ದೊರೆಯ ಬೊಕ್ಕಸಕ್ಕೆ ಸುರಿದು ಕೊಂಡದ್ದು.
ಸರ್ ಎವರಾರ್ಡ್‌ಗೆ ಗುರಾಣಿಯ ಮೇಲೆ
ಒಂದು ಕೆಂಪು ಕೈ ಸಿಕ್ಕಿತು, ಮಣಿಕಟ್ಟಿಗೆ ಕಡಿದದ್ದು.
ಮೊಮ್ಮಗ ಜೌಗಿನಲ್ಲಿ ಬಾತುಬೇಟೆಗೆ ಹೋಗಿ
ಉಬ್ಬರದ ಹೊತ್ತು ಮರೆತ.
ನಾಯಿ ಮನೆಗೆ ಬಂತು. ಮೂರನೆಯ ದಿನ ಅವನ ಹೆಣ.
ಅಳಿಯಿತು.

ಆರ್ಮ್ಸ್‌ಗೇಟ್‌ನ ಕ್ವರ್ನ್‌ಬಿ.
ಸಕ್ಕರೆ ಹಡಗುಗಳ ದುಡ್ಡು.
ಯಾರ ಬೆನ್ನು ಸುಲಿದ ಸಕ್ಕರೆ? ನನ್ನ ಪುಸ್ತಕದಲ್ಲಿ
ಅದಕ್ಕೊಂದು ಅಂಕಣವಿಲ್ಲ.
ಕಡೆಯವನ ತಮ್ಮ ಹೊಬಾರ್ಟ್‌ಗೆ ಹಡಗು ಹತ್ತಿದ,
ಇಳಿದದ್ದನ್ನು ಯಾರೂ ಬರೆದಿಡಲಿಲ್ಲ.
ಮಲಗಿದೆ.

ಇನ್ನು ಥೋರ್ಸ್‌ಬೆಕ್‌ನ ಸರ್ ಪೆರಿಗ್ರಿನ್.
ಹೆಂಡತಿ ಹೆತ್ತದ್ದು ಏಳು, ಏಳೂ ಹೆಣ್ಣು.
ಐದನೆಯದಕ್ಕೇ ಚರ್ಚಿನವರು ಗಂಟೆ ಬಾರಿಸುವುದನ್ನು ಬಿಟ್ಟರು.
ಆರು ಜನ ಅಳಿಯಂದಿರು ಬಂದು
ಆರು ಹೆಸರು ಅಳಿಸಿಕೊಂಡು ಹೋದರು.
ಮಣ್ಣಿಗಿಡುವ ದಿನ ಮಳೆ; ಏಳು ಕರಿ ಕೊಡೆಗಳು
ಗುಂಡಿಯ ಸುತ್ತ ನಿಂತಿರುವಾಗಲೇ
ಗುಮಾಸ್ತನೊಬ್ಬ ಬರೆದ: ವಾರಸುದಾರರಿಲ್ಲ, ಅಳಿಯಿತು.
ನಾನೂ ಅದನ್ನೇ ನಕಲು ಮಾಡುತ್ತಿದ್ದೆ.

ಆಗ ಬಾಯ್ಲರ್ ಕೆಟ್ಟಿತು.
ಬಂದವನ ಅಂಗಿಯ ಜೇಬಿನ ಮೇಲೆ
ನೀಲಿ ದಾರದಲ್ಲಿ ಹೊಲಿದ ಹೆಸರು: ಆರ್. ಕ್ವರ್ನ್‌ಬಿ.
ರಸೆಲ್, ಗ್ರಿಮ್ಸ್‌ಬಿ ಕಡೆಯವನು.
ನನ್ನ ಕಣ್ಣು ನೋಡಿ ನಕ್ಕ:
‘ಮಲಗಿದ್ದವನನ್ನು ಎಬ್ಬಿಸೋಕೆ ಎಷ್ಟು ಖರ್ಚಾಗುತ್ತೆ?’
‘ಹೊಸ ಬಾಯ್ಲರ್‌ಗಿಂತ ಜಾಸ್ತಿ.’
‘ಹಾಗಾದರೆ ಮಲಗಿರಲಿ.
ಅದೂ ಅಲ್ಲದೆ ನಾವು ಆ ಪೈಕಿ ಅಲ್ಲ, ಥೋರ್ಸ್‌ಬೆಕ್ ಪೈಕಿ.’

ಅಲ್ಲಿ ಗಂಡುಮಕ್ಕಳೇ ಇರಲಿಲ್ಲ, ಅಂದೆ.
‘ಇರಲಿಲ್ಲ. ನನ್ನ ಮುತ್ತಜ್ಜನ ತಾಯಿ ಥಿಯೊಡೋಸಿಯಾ,
ಕಡೆಯವಳು. ಅವಳನ್ನು ಯಾರೂ ಮದುವೆಯಾಗಲಿಲ್ಲ.
ಅದಕ್ಕೇ ಹೆಸರು ಉಳೀತು.’
ಸ್ಪ್ಯಾನರ್ ಒಳಗೆ ತೂರಿಸಿ, ತಲೆಯನ್ನೂ ತೂರಿಸಿ,
ಮಿಕ್ಕದ್ದನ್ನು ತಗಡಿನೊಳಗಿಂದ ಹೇಳಿದ:
ಮೀನಿನ ಕಟ್ಟೆಯಲ್ಲಿ ಲೆಕ್ಕ ಬರೆಯುತ್ತಿದ್ದಳಂತೆ,
ಮಗುವಿನ ದಾಖಲೆಯಲ್ಲಿ ತಂದೆಯ ಜಾಗಕ್ಕೆ
ತಾನೇ ಉದ್ದಗೆರೆ ಎಳೆದಳಂತೆ, ಸ್ಕೇಲ್ ಇಟ್ಟು.

ಕೊಳವೆಗಳೊಳಗೆ ನೀರು ಗುಡುಗುಟ್ಟಿತು.
ರಸೀದಿಗೆ ಸಹಿ ಹಾಕುವಾಗ ನೋಡಿದೆ,
ಬಿಸಿಗೆ ಕೆಂಪಾಗಿತ್ತು ಅವನ ಕೈ, ಮಣಿಕಟ್ಟಿನವರೆಗೆ.
ನಾನೇನೂ ಹೇಳಲಿಲ್ಲ. ಎಂಬತ್ತೈದು ಪೌಂಡ್ ಎಣಿಸಿ ಕೊಟ್ಟೆ.

ಕರಡಿನಲ್ಲಿ ‘ಅಳಿಯಿತು’ ಹಾಗೇ ಇದೆ. ಕಾನೂನಿಗೆ ಅದೇ ಸರಿ.
ಆದರೂ ಸಂಜೆ ಥೋರ್ಸ್‌ಬೆಕ್ ಚರ್ಚಿಗೆ ಪತ್ರ ಬರೆದೆ,
‘ಏಳು ಹೆಣ್ಣುಮಕ್ಕಳು’ ಎಂದಷ್ಟೇ ಇರುವ ಕಡೆ
ಹೆಸರುಗಳು ಬೇಕು ಎಂದು.
ಈವರೆಗೆ ನಾಲ್ಕು ಸಿಕ್ಕಿವೆ.